ಮೂವತ್ತೊಂದು ಚಿತ್ರಗಳಲ್ಲಿ ಇಲ್ಲದವನು

ಪೋಸ್ಟ್‌ಮನ್ ಒಂಟೆಯಾಗಿದ್ದಾನೆ ಎಂಬ ಸುದ್ದಿಯನ್ನು ಸ್ವತಃ ಪೋಸ್ಟ್‌ಮನ್ನೇ ತಂದ.

"ಒಂಟೆ," ಅಂದ, ಕಾಗದದ ಕಟ್ಟನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು. "ಡುಬ್ಬ ಸಮೇತ. ಮುಖ ಮಾತ್ರ ಪೂರಾ ನಂದೇ. ನಮ್ಮನೆಯವಳು ನೋಡಿದ ಕೂಡಲೇ ಗುರುತು ಹಿಡಿದಳು."

ರಿಪೇರಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ತಲೆಯೆತ್ತಿದ. ರಿಪೇರಿ ಅವನ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಬೀದಿಯ ಅದೇ ಗೂಡಿನಂಥ ಅಂಗಡಿಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಬೋರ್ಡಿನಲ್ಲಿದ್ದ 'ಗಡಿಯಾರ' ಮಳೆಗೆ ತೊಳೆದುಹೋಗಿ 'ರಿಪೇರಿ' ಮಾತ್ರ ಉಳಿದಿತ್ತು. ಜನ ಅದನ್ನೇ ಅವನಿಗೆ ಅಂಟಿಸಿದ್ದರು.

ಪೋಸ್ಟ್‌ಮನ್ ಕೊಟ್ಟ ಆಮಂತ್ರಣದಲ್ಲಿ ಹೀಗಿತ್ತು: ಇಂದು ಸಂಜೆ ಐದಕ್ಕೆ ಲೈಬ್ರರಿ ಹಾಲ್‌ನಲ್ಲಿ 'ಪ್ರಾಣಿಗಳು, ಪುರಾಣಗಳು, ಪ್ರಭುಗಳು: ಮೂವತ್ತೊಂದು ಎಚಿಂಗ್‌ಗಳು'. ಇದು ಮೇಲಿನ ಮಹಡಿಯ ಚಿತ್ರದಮ್ಮನ ಕೆಲಸ. ಹತ್ತು ವರ್ಷದಿಂದ ಆಕೆ ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದುತ್ತ ಕೂತಿರುವುದು ಬೀದಿಗೆಲ್ಲ ಗೊತ್ತಿತ್ತು. ಏನು ಗೀರುತ್ತಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅಚ್ಚಾದ ಹಾಳೆಗಳನ್ನು ಒಣಗಲು ತೂಗುಹಾಕಿದ್ದಾಗ ಬೀದಿಗೆ ಬೀದಿಯೇ ಮೆಟ್ಟಿಲು ಹತ್ತಿ ನೋಡಿ ಬಂದಿತ್ತು. ಆ ಹೊತ್ತಿಗೆ ರಿಪೇರಿ ಊರಾಚೆಯ ಹತ್ತಿಗಿರಣಿಯಲ್ಲಿ, ಗೋಡೆ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ನಿಂತಿದ್ದ.

"ನಮ್ಮ ಬೀದಿಯವರನ್ನೇ ಬರೆದಿದ್ದಾರಾ?" ರಿಪೇರಿ ಸಹಜವಾಗಿ ಕೇಳುವಂತೆ ಕೇಳಿದ.

ಅವರನ್ನೇ, ಎಲ್ಲರನ್ನೂ, ಅಂದ ಪೋಸ್ಟ್‌ಮನ್. ಈ ಕಟ್ಟಡದ ಓನರಮ್ಮ ಘೇಂಡಾಮೃಗ. ಬೇಕರಿಯವ ಕರಡಿ. ದರ್ಜಿ ಅರ್ಧ ಕುದುರೆ, ಅರ್ಧ ಮನುಷ್ಯ. ಚರಂಡಿ ಪಕ್ಕ ಮಲಗುವ ಕುಂಟು ನಾಯಿಗೂ ರೆಕ್ಕೆ ಕೊಟ್ಟು ಸಿಂಹ ಮಾಡಿದ್ದಾರೆ.

"ನಿಮ್ಮನೆಯವರು ರಾಣಿ. ಕುದುರೆ ಮೇಲೆ, ಕತ್ತಿ ಹಿಡ್ಕೊಂಡು."

"ಯಾವ ಮನೆಯವರು?"

"ನಿಮಗೆಷ್ಟು ಮನೆಯವರಿದ್ದಾರೆ ಸ್ವಾಮಿ?" ಪೋಸ್ಟ್‌ಮನ್ ಚೀಲ ಹೆಗಲಿಗೇರಿಸಿದ. "ಎದುರಿನ ಕನ್ನಡಕದವರು ಚಕ್ರವರ್ತಿ. ಎಲ್ಲಕ್ಕಿಂತ ದೊಡ್ಡ ತಗಡು ಅವರದ್ದೇ."

ರಿಪೇರಿಯ ಕೈಯಲ್ಲಿದ್ದ ಚಿಮಟದಿಂದ ಸಣ್ಣ ಸ್ಪ್ರಿಂಗೊಂದು ಚಿಮ್ಮಿ ಎಲ್ಲೋ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿದ. ಬಗ್ಗಿಕೊಂಡೇ, ತನ್ನ ವಿಷಯ ಪೋಸ್ಟ್‌ಮನ್ ತಾನಾಗಿಯೇ ಹೇಳಲಿ ಎಂದು ಕಾದ. ಪೋಸ್ಟ್‌ಮನ್ ಮೆಟ್ಟಿಲು ಇಳಿದ. ಆಮೇಲೆ ಏನೋ ನೆನಪಾದವನಂತೆ ತಿರುಗಿದ.

"ನಿಮ್ಮದು ನೋಡಿದ ನೆನಪಿಲ್ಲ. ಎಲ್ಲಾದರೂ ಮೂಲೇಲಿ ಇರಬಹುದು, ಬಿಡಿ."

ಎದುರಂಗಡಿಯ ಕನ್ನಡಕದವನು ರಿಪೇರಿಗೆ ಬರಿಯ ಎದುರಂಗಡಿಯವನಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅವನು ಷಡ್ಡಕ. ಹೆಂಡತಿಯ ಸ್ವಂತ ತಂಗಿಯ ಗಂಡ. ಮಾವನ ಮನೆಯಲ್ಲಿ ಅವನು 'ಚಿಕ್ಕ ಅಳಿಯಂದಿರು', ಇವನು 'ಅವರೂ ಬಂದಿದ್ದಾರೆ'. ಮೊಬೈಲ್ ಬಂದ ಮೇಲೆ ಜನ ಕೈಗಡಿಯಾರ ಕಟ್ಟುವುದನ್ನು ಬಿಟ್ಟರು. ಅದೇ ಮೊಬೈಲ್ ದಿಟ್ಟಿಸಿ ದಿಟ್ಟಿಸಿ ಕಣ್ಣು ಕೆಡಿಸಿಕೊಂಡು ನೇರ ಷಡ್ಡಕನ ಅಂಗಡಿಗೆ ಹೋದರು. ಒಂದೇ ಯಂತ್ರ ಒಬ್ಬ ಅಳಿಯನನ್ನು ಮುಳುಗಿಸಿ ಇನ್ನೊಬ್ಬನನ್ನು ತೇಲಿಸಿತು. ಷಡ್ಡಕನ ಅಂಗಡಿಗೆ ತಾನಾಗಿ ತೆರೆಯುವ ಗಾಜಿನ ಬಾಗಿಲು ಬಂತು. ಅದು ತೆರೆದಾಗಲೆಲ್ಲ ಬಿಸಿಲಿನ ಒಂದು ಚೂರು ಬೀದಿ ದಾಟಿ ಬಂದು ರಿಪೇರಿಯ ಮುಖಕ್ಕೆ ಬಡಿಯುತ್ತಿತ್ತು. ದಿನಕ್ಕೆ ಎಷ್ಟು ಸಲ ಬಡಿಯಿತು ಎಂದು ಅವನು ಎಣಿಸುತ್ತಿದ್ದ. ಗಿರಾಕಿಗಳ ಲೆಕ್ಕ ಹಾಗೆ ಸಿಗುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಒಳಗೆ ಹೋದರೆ ಹೆಂಡತಿ ಕನ್ನಡಿಯ ಮುಂದೆ ನಿಂತು, ಸೌಟನ್ನು ಎತ್ತರಕ್ಕೆ ಹಿಡಿದು, ಗದ್ದ ಎತ್ತಿದ್ದಳು.

"ರಾಣಿಯಂತೆ ನೀನು," ಅಂದ.

"ನಿನ್ನೆಯೇ ಹೇಳೋಣ ಅಂದ್ಕೊಂಡೆ. ನೀವು ಬಂದವರೇ ಉಂಡು ಮಲಗಿದ್ರಿ." ಸೌಟು ಇಳಿಸಲಿಲ್ಲ. "ಮೂಗು ನಂದೇ, ಬಾಯಿ ನಂದೇ. ನೋಟ ಒಂದು ಮಾತ್ರ ಎಲ್ಲೋ ನೋಡಿದ ಹಾಗಿದೆ. ನಂದಲ್ಲ. ಏನೇ ಇರಲಿ, ಚೆನ್ನಾಗಿದೆ. ತಂಗಿ ಗಂಡನದು ನೋಡ್ಬೇಕು ನೀವು. ಎಂಥ ಗತ್ತು. ಕಿರೀಟ ಅವರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ."

"ನಾನು?"

ಹೆಂಡತಿ ಕನ್ನಡಿಯಲ್ಲೇ ಅವನನ್ನು ನೋಡಿದಳು. ಕನಿಕರದ ನೋಟ. "ಕೆಲವರ ಮುಖ ಚಿತ್ರಕ್ಕೆ ಆಗಿಬರಲ್ಲ ಅಂತ ಕಾಣುತ್ತೆ. ಬೇಜಾರು ಮಾಡ್ಕೋಬೇಡಿ."

ಕುಂಟು ನಾಯಿಯ ಮುಖ ಆಗಿಬಂದಿದೆ, ತನ್ನದು ಆಗಿಬಂದಿಲ್ಲ. ರಿಪೇರಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮೇಲೆ ಹೋಗಲು ಅವನ ಬಳಿ ಒಂದು ನೆಪವಿತ್ತು. ಚಿತ್ರದಮ್ಮನ ಗಡಿಯಾರ ರಿಪೇರಿಗೆ ಬಂದು ಮೂರು ವಾರವಾಗಿತ್ತು. ತಗಡು ಆಸಿಡ್‌ನಲ್ಲಿ ಎಷ್ಟು ನಿಮಿಷ ಇರಬೇಕು ಎಂದು ಆಕೆ ನೋಡುವುದು ಅದರಲ್ಲೇ. ಹೆಚ್ಚು ಹೊತ್ತಾದರೆ ಗೆರೆ ಕಪ್ಪಾಗುತ್ತದೆ, ಕಡಿಮೆಯಾದರೆ ತೆಳುವಾಗುತ್ತದೆ. ಕೆಟ್ಟುಹೋಗಿದ್ದ ಹಲ್ಲಿನ ಗಾಲಿಯನ್ನು ಇಪ್ಪತ್ತು ನಿಮಿಷದಲ್ಲಿ ಬದಲಾಯಿಸಿ, ಅಂಗಡಿಯ ನೀಲಿ ಕೋಟು ತೊಟ್ಟು, ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಭೂತಗನ್ನಡಿ ಜೇಬಿನಲ್ಲಿತ್ತು.

ಚಿತ್ರದಮ್ಮ ಅರವತ್ತು ದಾಟಿದ ಹೆಂಗಸು. ಉಗುರುಗಳೆಲ್ಲ ಕಪ್ಪು, ತಲೆಯ ಗಂಟಿಗೆ ಒಂದು ಪೆನ್ಸಿಲು ಸಿಕ್ಕಿಸಿರುತ್ತಾಳೆ. ಆಕೆಯ ಕಿಟಕಿಯ ನೇರ ಕೆಳಗೆ ರಿಪೇರಿಯ ಮೇಜು. ಹತ್ತು ವರ್ಷದಿಂದ ಆಕೆ ಆ ಕಿಟಕಿಯಲ್ಲಿ ಕೂತು ಕೆಳಗೆ ನೋಡುತ್ತ ಏನೋ ಗೀಚುತ್ತಾಳೆ. ಇವನು ತಲೆಯೆತ್ತಿದರೆ, "ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ," ಎನ್ನುತ್ತಾಳೆ. ಆಕೆಯ ಕಣ್ಣಿಗೆ ಬಿದ್ದಿರುವುದು ಎದುರಿನ ಗಾಜಿನ ಬಾಗಿಲೇ ಇರಬೇಕು, ಬೀದಿಯಲ್ಲಿ ನೋಡುವಂಥದ್ದು ಇನ್ನೇನಿದೆ ಎಂದು ರಿಪೇರಿ ತೀರ್ಮಾನಿಸಿ ಬಹಳ ಕಾಲವಾಗಿತ್ತು.

"ಸರಿಯಾದ ಹೊತ್ತಿಗೆ ತಂದ್ರಿ," ಅಂದಳು. ಚಕ್ರವರ್ತಿಯ ನಿಲುವಂಗಿ ತೆಳುವಾಗಿ ಬಂದಿದೆ, ಇನ್ನೊಂದು ಸಲ ಅದ್ದಬೇಕು, ಹನ್ನೆರಡೇ ನಿಮಿಷ, ಆಮೇಲೆ ಒಳ್ಳೆಯ ಹಾಳೆಗೆ ಅಚ್ಚು ಹಾಕಿದರೆ ಮುಗಿಯಿತು, ಮಧ್ಯಾಹ್ನ ವ್ಯಾನ್ ಬರುತ್ತದೆ ಎಂದು ಹೇಳಿಕೊಂಡೇ ತಗಡನ್ನು ಆಸಿಡ್ ತಟ್ಟೆಗೆ ಇಳಿಬಿಟ್ಟಳು. ಉಳಿದ ಚಿತ್ರಗಳನ್ನು ಅಲ್ಲಿಯವರೆಗೆ ನೋಡುತ್ತಿರಬಹುದು ಅಂದಳು.

ರಿಪೇರಿ ನೋಡಿದ. ಮೊದಲು ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಮನುಷ್ಯರು ನೋಡುವಂತೆ ನೋಡಿದ. ಎರಡನೇ ಸುತ್ತಿನಲ್ಲಿ ಕೈ ಬಿಚ್ಚಿತು. ಮೂರನೇ ಸುತ್ತಿಗೆ ಭೂತಗನ್ನಡಿ ಹೊರಬಂತು. ಘೇಂಡಾಮೃಗದ ಹಿಂದಿನ ಪೊದೆಯಲ್ಲಿ ಹುಡುಕಿದ. ಒಂಟೆಯ ನೆರಳಿನಲ್ಲಿ ಹುಡುಕಿದ. ರಾಣಿಯ ಹಿಂದೆ ನೂರಿನ್ನೂರು ಸೈನಿಕರಿದ್ದರು, ಒಬ್ಬೊಬ್ಬರನ್ನೂ ತಲೆ ಎಣಿಸಿ ನೋಡಿದ. ತೆರಿಗೆ ಕಟ್ಟಲು ಸಾಲುಗಟ್ಟಿದ ಪ್ರಜೆಗಳಲ್ಲಿ, ದೇವಲೋಕದ ಬಾಗಿಲು ಕಾಯುವವರಲ್ಲಿ, ಕೊನೆಗೆ ಕರಡಿಯ ಬಾಯಲ್ಲಿದ್ದ ಮೀನಿನಲ್ಲೂ ತನ್ನ ಮೂಗನ್ನು ಹುಡುಕಿದ. ಎಲ್ಲೂ ಇಲ್ಲ.

ಇದ್ದದ್ದು ಒಂದೇ. ಆ ಪ್ರಾಣಿಗಳು, ಪ್ರಭುಗಳು, ಒಬ್ಬೊಬ್ಬರೂ ಅವನನ್ನೇ ಓರೆಯಾಗಿ ನೋಡುತ್ತಿದ್ದರು. ನೀನು ಯಾರಯ್ಯಾ ಇಲ್ಲಿಗೆ ಬರೋಕೆ ಎಂಬ ಹಾಗೆ.

"ಬೀದಿಯವರೆಲ್ಲ ಇದ್ದಾರೆ," ಅಂದ. "ಯಾರೂ ಬಿಟ್ಟುಹೋಗಿಲ್ಲ ಅಲ್ವಾ ಅಮ್ಮ?"

"ಯಾರನ್ನೂ ಬಿಟ್ಟಿಲ್ಲ," ಅಂದಳು ಚಿತ್ರದಮ್ಮ, ಗಡಿಯಾರದಿಂದ ಕಣ್ಣು ತೆಗೆಯದೆ.

ಅಂದರೆ ತಾನು ಯಾರೂ ಅಲ್ಲ. ರಿಪೇರಿಗೆ ಕಿವಿಯವರೆಗೂ ಬಿಸಿಯೇರಿತು. ಬಿಟ್ಟಿದ್ದೇನೆ, ಮರೆತೆ ಅಂದಿದ್ದರೂ ಸಹಿಸಬಹುದಿತ್ತು.

ಹನ್ನೆರಡು ನಿಮಿಷ ಆಯಿತು. ಆಕೆ ತಗಡನ್ನು ತೊಳೆದು, ಗೆರೆಗಳಲ್ಲಿ ಶಾಯಿ ತುಂಬಿ, ಮೇಲಿನದನ್ನು ಬಟ್ಟೆಯಿಂದ ಒರೆಸಿದಳು. ಗೆರೆಯೊಳಗೆ ಉಳಿದ ಶಾಯಿ ಮಾತ್ರ ಹಾಳೆಗೆ ಹತ್ತುತ್ತದೆ ಎಂದು ವಿವರಿಸಿದಳು. ಹಾಳೆ ಒದ್ದೆಯಿರಬೇಕು, ಮೇಲಿಂದ ಒತ್ತಡ ಬೀಳಬೇಕು, ಇಷ್ಟೇ ವಿದ್ಯೆ ಅಂದಳು. ಅಷ್ಟರಲ್ಲಿ ಲೈಬ್ರರಿಯಿಂದ ಫೋನ್ ಬಂತು. ಮೊಳೆಗಳನ್ನು ತಪ್ಪು ಗೋಡೆಗೆ ಹೊಡೆಯುತ್ತಿದ್ದಾರಂತೆ.

"ಹದಿನೈದು ನಿಮಿಷದಲ್ಲಿ ಬಂದೆ. ಹಾಳೆ ನೆನೀತಾ ಇದೆ. ಯಾರು ಬಂದರೂ ಆ ತಗಡನ್ನ ಮುಟ್ಟೋಕೆ ಬಿಡಬೇಡಿ," ಎಂದು ಚಪ್ಪಲಿ ಮೆಟ್ಟಿದಳು. "ಈ ಬೀದೀಲಿ ನಾನು ನಂಬೋದು ನಿಮ್ಮೊಬ್ಬರ ಕೈಯನ್ನ."

ಕೋಣೆಯಲ್ಲಿ ರಿಪೇರಿ ಮತ್ತು ಷಡ್ಡಕ ಇಬ್ಬರೇ ಉಳಿದರು.

ತಗಡು ಶಾಲೆಯ ಸ್ಲೇಟಿನಷ್ಟು ದೊಡ್ಡದು. ಉಳಿದವರದೆಲ್ಲ ಪೋಸ್ಟ್‌ಕಾರ್ಡಿನಷ್ಟೇ. ಸಿಂಹಾಸನ, ಕಿರೀಟ, ತಿದ್ದಿದ ಮೀಸೆ, ಮೊಣಕಾಲ ಮೇಲೆ ಊರಿದ ಕೈ. ನಿಜವಾದ ಷಡ್ಡಕನಿಗೆ ಇಷ್ಟು ಅಗಲದ ಭುಜ ಎಲ್ಲಿದೆ? ರಿಪೇರಿ ಮೊದಲು ಯೋಚಿಸಿದ್ದು ಬಹಳ ಸಣ್ಣ ಕೆಲಸ. ಸೂಜಿ ತೆಗೆದುಕೊಂಡು ಮೂಗಿನ ಮೇಲೆ ಒಂದು ಹುಣ್ಣು ಇಟ್ಟರೆ ಸಾಕು ಎಂದು. ಹತ್ತಿರ ಬಗ್ಗಿದ. ಚಕ್ರವರ್ತಿ ಅವನನ್ನು ಓರೆಗಣ್ಣಿನಿಂದ ನೋಡಿದ. ಹೊಟ್ಟೆಯೊಳಗಿನ ಉರಿಯೆಲ್ಲ ಎದ್ದು ಬಂದು ಆ ಎರಡು ಕಣ್ಣಲ್ಲಿ ಕೂತ ಹಾಗಿತ್ತು. ಎಂಥ ಕೆಟ್ಟ ನೋಟ. ಮಾವನ ಮನೆಯ ಪಂಕ್ತಿಯಲ್ಲಿ, ಬೀದಿಯ ಆಚೆಯಿಂದ, ಷಡ್ಡಕ ತನ್ನನ್ನು ನೋಡುವುದು ಹೀಗೇ ಎಂದು ಅವನಿಗೆ ಅನ್ನಿಸಿತು.

ಹುಣ್ಣು ಬೇಡ. ಕಣ್ಣೇ ತೆಗೆಯಬೇಕು. ಕನ್ನಡಕ ಮಾರುವವನಿಗೆ ಕಣ್ಣಿಲ್ಲದಿದ್ದರೆ ಹೇಗಿರುತ್ತದೆ ನೋಡೋಣ.

ತಪ್ಪಿದ ಗೆರೆಯನ್ನು ತೆಗೆಯಲು ಚಿತ್ರದಮ್ಮ ಇಟ್ಟುಕೊಂಡಿದ್ದ ಮೂರು ಅಲಗಿನ ಉಳಿ ಮೇಜಿನ ಮೇಲೆಯೇ ಇತ್ತು. ಗಡಿಯಾರದ ಗಾಲಿಗಳ ಕೂದಲಿನಷ್ಟು ಸಣ್ಣ ಅಚ್ಚನ್ನು ಉಜ್ಜಿ ಬದುಕಿದ ಕೈಗೆ ತಾಮ್ರ ಬೆಣ್ಣೆಯಿದ್ದ ಹಾಗೆ. ಒಂದೊಂದು ಕಣ್ಣಿಗೂ ಮೂರು ಮೂರು ನಿಮಿಷ ಕೆರೆದ. ಕೆರೆದ ಜಾಗ ಒರಟಾಗಿ ಕಂಡಿತು. ಕೆಲಸವನ್ನು ಒರಟಾಗಿ ಬಿಡುವುದು ಅವನ ಜಾಯಮಾನದಲ್ಲಿರಲಿಲ್ಲ. ಉಳಿಯ ಪಕ್ಕದಲ್ಲೇ ಇದ್ದ ಉಕ್ಕಿನ ಕಡ್ಡಿಯಿಂದ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ನುಣುಪು ಮಾಡಿದ. ಮುಗಿಸಿ, ಹೊಸ ಗಡಿಯಾರ ಒಪ್ಪಿಸುವವನ ತೃಪ್ತಿಯಿಂದ ಊದಿದ.

ಮೆಟ್ಟಿಲ ಮೇಲೆ ಘೇಂಡಾಮೃಗದ ಹೆಜ್ಜೆ ಕೇಳಿಸಿತು.

ಇಡಲು ಹೊತ್ತಿರಲಿಲ್ಲ. ತಗಡನ್ನು ಕೋಟಿನೊಳಗೆ, ಅಂಗಿಯ ಮೇಲೆ, ಎದೆಗೆ ಅವುಚಿಕೊಂಡು ಗುಂಡಿ ಹಾಕಿಕೊಂಡ. ಓನರಮ್ಮ ಏದುಸಿರು ಬಿಡುತ್ತ ಒಳಬಂದಳು. ಚಿತ್ರದಮ್ಮ ಇಲ್ಲವೆಂದು ತಿಳಿದು ಅವಳಿಗೆ ಸಮಾಧಾನವೇ ಆಯಿತು.

"ನೋಡಿ ರಿಪೇರಿಯವರೇ, ನೀವು ಸೂಕ್ಷ್ಮ ಕೆಲಸದವರು. ಈ ಗದ್ದದ ಕೆಳಗೆ ಒಂದು ಮಡಿಕೆ ಕಡಿಮೆ ಮಾಡೋಕೆ ಆಗುತ್ತಾ? ಘೇಂಡಾಮೃಗ ಆಗಿರೋಕೆ ನನ್ನದೇನೂ ತಕರಾರಿಲ್ಲ. ಆದರೆ ನನಗೆ ಎರಡೇ ಗದ್ದ ಇರೋದು, ಆಕೆ ಮೂರು ಹಾಕಿದ್ದಾಳೆ."

ಅಚ್ಚಾದ ಮೇಲೆ ಆಗುವುದಿಲ್ಲ ಎಂದು ರಿಪೇರಿ ಉಸಿರು ಬಿಗಿಹಿಡಿದು ಹೇಳಿದ. ತಗಡು ಎದೆಯ ಮೇಲೆ ಮಂಜುಗಡ್ಡೆಯಂತೆ ಕೂತಿತ್ತು. ಮೈಯೆಲ್ಲ ಬೆವರು. ಯಾಕೆ ಹಾಗೆ ಸೆಟೆದು ನಿಂತಿದ್ದೀರಿ ಎಂದು ಓನರಮ್ಮ ಕೇಳಿದಳು. ಬೆನ್ನು ನೋವು ಅಂದ. ಅವಳ ಯಜಮಾನರಿಗೆ ಬಂದಿದ್ದ ಬೆನ್ನು ನೋವಿನ ಕತೆ ಶುರುವಾಗಿ ಅರ್ಧ ದಾರಿಗೆ ಬಂದಿತ್ತು. ಆಗ ಬೇಕರಿಯವನು ಎರಡೆರಡು ಮೆಟ್ಟಿಲು ಹಾರಿ ಬಂದ. ಅವನದು ಬೇರೆಯೇ ಸಂಭ್ರಮ. ಜನ್ಮದಲ್ಲಿ ಯಾರೂ ಅವನ ಚಿತ್ರ ಬರೆದಿರಲಿಲ್ಲ, ಪಾಸ್‌ಪೋರ್ಟ್ ಫೋಟೋದವನು ಕೂಡ ಚೌಕಟ್ಟಿಗೆ ಹಿಡಿಸುವುದಿಲ್ಲ ಅಂದಿದ್ದನಂತೆ. ಯಾರನ್ನಾದರೂ ಅಪ್ಪಿಕೊಳ್ಳಲೇಬೇಕು ಎಂಬ ತೀರ್ಮಾನದಲ್ಲೇ ಬಂದಿದ್ದ. ಚಿತ್ರದಮ್ಮ ಇರಲಿಲ್ಲ. ರಿಪೇರಿ ಇದ್ದ.

"ಬೇಡ, ಬೆನ್ನು ನೋವು," ಅನ್ನುವಷ್ಟರಲ್ಲಿ ನೂರಿಪ್ಪತ್ತು ಕಿಲೋ ಸಂತೋಷ ಅವನನ್ನು ಅಮುಕಿತು. ಪಕ್ಕೆಲುಬು ಲಟಕ್ಕೆಂದಿತು. ನೆಟಿಕೆ ಮುರಿದರೆ ಬೆನ್ನಿಗೆ ಒಳ್ಳೆಯದು ಎಂದು ಓನರಮ್ಮ ಹೇಳಿದ್ದರಿಂದ ಬೇಕರಿಯವನು ಇನ್ನೊಂದು ಸಲ ಅಮುಕಿದ.

ಅವರಿಬ್ಬರೂ ಇಳಿದುಹೋದ ಮೇಲೆ ರಿಪೇರಿ ತಗಡನ್ನು ಇದ್ದಲ್ಲೇ ಇಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಗೋಡೆಗೆ ಒರಗಿ ಉಸಿರು ಹುಡುಕಿಕೊಳ್ಳುತ್ತಿದ್ದಾಗ ಚಿತ್ರದಮ್ಮ ಬಂದಳು. ಹೊತ್ತಾಯಿತು ಅಂದವಳೇ ತಗಡಿಗೆ ಇನ್ನೊಂದು ಕೈ ಶಾಯಿ ತುಂಬಿ, ಕಣ್ಣು ಕಿರಿದು ಮಾಡಿ ಕೂಡ ನೋಡದೆ ಒರೆಸಿ, ಪ್ರೆಸ್ ಮೇಲೆ ಮಲಗಿಸಿದಳು. ಒದ್ದೆ ಹಾಳೆ ಹೊದಿಸಿದಳು.

"ಚಕ್ರ ನೀವೇ ತಿರುಗಿಸಿ. ನನ್ನ ರಟ್ಟೆ ಬಿದ್ದುಹೋಗಿದೆ."

ಹಡಗಿನ ಚುಕ್ಕಾಣಿಯಂಥ ಆ ಚಕ್ರವನ್ನು ರಿಪೇರಿ ತಿರುಗಿಸಿದ. ತಾನು ಅಗೆದ ಗುಂಡಿಯನ್ನು ತಾನೇ ಉದ್ಘಾಟನೆ ಮಾಡಿದ ಹಾಗಾಯಿತು. ಚಿತ್ರದಮ್ಮ ಹಾಳೆಯ ತುದಿ ಹಿಡಿದು ಮೇಲೆತ್ತಿದಳು. ಸಿಂಹಾಸನ ಬಂತು, ಕಪ್ಪಗೆ ಸೊಗಸಾದ ನಿಲುವಂಗಿ ಬಂತು, ಮೀಸೆ ಬಂತು. ಮೀಸೆಯ ಮೇಲೆ ಎರಡು ಬಿಳಿ ಗುಳಿಗಳು.

ಚಿತ್ರದಮ್ಮ ತಗಡನ್ನು ಬೆಳಕಿಗೆ ಹಿಡಿದಳು. ಕಣ್ಣಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಉಳಿಯನ್ನು ನೋಡಿದಳು. ರಿಪೇರಿಯ ಬೆರಳುಗಳನ್ನು ನೋಡಿದಳು.

"ಹೂಂ," ಅಂದಳು. "ಇನ್ನೊಂದು ತೆಗೆಯೋಣ."

ಬೈದಿದ್ದರೆ ಅವನು ನಿರಾಕರಿಸುತ್ತಿದ್ದ. ನಿರಾಕರಿಸಲು ಮೂರು ವಾಕ್ಯಗಳನ್ನು ಜೋಡಿಸಿಕೊಂಡೂ ಆಗಿತ್ತು. ಕೇಳದಿದ್ದವರಿಗೆ ಏನು ಹೇಳುವುದು? ಆಕೆ ಹೇಳಿದ್ದನ್ನೆಲ್ಲ ಮಾಡಿದ. ಚೌಕಟ್ಟು ಹೊತ್ತ, ವ್ಯಾನ್ ತುಂಬಿದ, ವ್ಯಾನಿನಲ್ಲೇ ಲೈಬ್ರರಿಗೆ ಹೋಗಿ ಮೊಳೆ ಹೊಡೆದ. ನಾಲ್ಕೂವರೆಗೆ ಮುಖ ತೊಳೆಯಲು ಹೋಗಿ, ಸೆಕೆಗೆ ಕೋಟಿನ ಗುಂಡಿ ಬಿಚ್ಚಿದ. ಕನ್ನಡಿಯಲ್ಲಿ ಅವನ ಬಿಳಿ ಅಂಗಿಯ ತುಂಬ ಷಡ್ಡಕ ಕೂತಿದ್ದ. ಕಿರೀಟ, ಮೀಸೆ, ಸಿಂಹಾಸನ, ಎಲ್ಲ ಸಮೇತ. ಬೆವರಿಗೆ ನೆನೆದ ಬಟ್ಟೆ, ಶಾಯಿ ತುಂಬಿದ ತಗಡು, ಬೇಕರಿಯವನ ಒತ್ತಡ. ಚಿತ್ರದಮ್ಮ ಹೇಳಿದ ವಿದ್ಯೆ ಅಷ್ಟೇ ಆಗಿತ್ತು.

ಒರೆಸಲು ನೋಡಿದ. ಶಾಯಿ ಮೈಗೆ ಇಳಿಯಿತೇ ಹೊರತು ಅಂಗಿ ಬಿಡಲಿಲ್ಲ. ಕತ್ತಿನವರೆಗೆ ಗುಂಡಿ ಹಾಕಿಕೊಂಡು ಹಾಲ್‌ಗೆ ಬಂದ.

ಹಾಲ್ ತುಂಬಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾಣಿಯ ಪಕ್ಕ ಕಾವಲುಗಾರರಂತೆ ನಿಂತಿದ್ದರು. ಆದರೆ ಐದೂಕಾಲಕ್ಕೆ ಕಾವಲು ಸಡಿಲವಾಯಿತು. ಜನ ಒಂದು ಕಡೆಗೆ ಹರಿಯತೊಡಗಿದರು. ಕಲೆಯ ವಿಷಯ ಪತ್ರಿಕೆಗೆ ಬರೆಯುವ ಬೋಳುತಲೆಯ ವಿಮರ್ಶಕ ಚಕ್ರವರ್ತಿಯ ಮುಂದೆ ನಿಂತುಬಿಟ್ಟಿದ್ದ. ಉಳಿದ ಮೂವತ್ತನ್ನು ನಡೆಯುತ್ತಲೇ ನೋಡಿ ಮುಗಿಸಿದವನು ಇಲ್ಲಿ ಕುರ್ಚಿ ತರಿಸಿಕೊಂಡ.

"ಈ ಕಣ್ಣುಗಳು," ಅಂದ. "ಅಂದರೆ, ಇಲ್ಲದ ಕಣ್ಣುಗಳು. ಎಲ್ಲವನ್ನೂ ಆಳುವವನಿಗೆ ಒಂದೂ ಕಾಣಲ್ಲ. ಇದನ್ನ ಬರೆಯೋದಲ್ಲ ಕಷ್ಟ, ಬರೆದಿದ್ದನ್ನ ಅಳಿಸೋ ಧೈರ್ಯ ಬೇಕಲ್ಲ, ಅದು ಕಷ್ಟ. ಅಳಿಸಿದ ಕೈ ಯಾವುದೋ, ಅದೇ ನಿಜವಾದ ಕಲಾವಿದನ ಕೈ."

ಆ ಕೈಯನ್ನು ರಿಪೇರಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅದು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಕೆಳಗೆ ನೋಡಿ ಹೆದರಿ, ವಾಪಸು ಹೋಯಿತು.

ಲೈಬ್ರರಿಯ ಮುಖ್ಯಸ್ಥರು ಅಲ್ಲಿಯೇ ಘೋಷಿಸಿದರು: 'ಕಣ್ಣಿಲ್ಲದ ಅರಸ' ಇನ್ನು ಮುಂದೆ ಲೈಬ್ರರಿಯ ಹೆಬ್ಬಾಗಿಲ ಎದುರಿನ ಗೋಡೆಯಲ್ಲಿ ಕಾಯಂ ಆಗಿರುತ್ತಾನೆ. ಚಪ್ಪಾಳೆ ಬಿತ್ತು. ಷಡ್ಡಕ ಗುಂಪಿನ ನಡುವೆ ಮದುಮಗನಂತೆ ನಿಂತು ಎಲ್ಲರ ಕೈ ಕುಲುಕುತ್ತಿದ್ದ. ಕಣ್ಣು ಹೋದದ್ದಕ್ಕೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಇದರ ಒಂದು ಪ್ರತಿಯನ್ನು ಅಂಗಡಿಯ ಗಾಜಿಗೆ ಹಾಕಿ, ಕೆಳಗೆ 'ಹೀಗಾಗುವ ಮೊದಲು ಒಳಗೆ ಬನ್ನಿ' ಎಂದು ಬರೆಸುತ್ತೇನೆ ಎಂದು ಆಗಲೇ ಹೇಳುತ್ತಿದ್ದ.

ಅಂದರೆ ಇನ್ನು ಬದುಕಿರುವಷ್ಟು ದಿನ ರಿಪೇರಿ ಆ ಚಿತ್ರವನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಬೇಕು.

"ಇದೇನಿದು ಅವತಾರ?" ಹೆಂಡತಿ ಬಂದು ನಿಂತಿದ್ದಳು. ಒಳ್ಳೆಯ ಸೀರೆ, ಎತ್ತಿದ ಗದ್ದ. "ಹೆಂಡತಿ ರಾಣಿ ಆಗಿರೋ ಕಡೆ ಅಂಗಡಿ ಕೋಟಲ್ಲಿ ಬರೋದಾ? ತೆಗೀರಿ."

"ಚಳಿ," ಅಂದ.

"ಹಣೆ ಮೇಲೆ ನೀರು ಇಳೀತಿದೆ, ಚಳಿಯಂತೆ." ರಾಣಿ ತಾನೇ ಕೈ ಹಾಕಿದಳು. ಮೂರು ಗುಂಡಿ ಬಿಚ್ಚಿತು, ಒಂದು ಹಾರಿಹೋಯಿತು.

ಹಾಲ್‌ನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಕಣ್ಣಿಲ್ಲದ ಅರಸ ರಿಪೇರಿಯ ಎದೆಯ ಮೇಲೆ, ಹೃದಯದ ನೇರಕ್ಕೆ, ಸಿಂಹಾಸನ ಹಾಕಿಕೊಂಡು ಕೂತಿದ್ದ.

ತನ್ನ ಕತೆ ಮುಗಿಯಿತು ಎಂದುಕೊಂಡ ರಿಪೇರಿ. ಮುಗಿದಿದ್ದರೆ ಚೆನ್ನಾಗಿತ್ತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರಾಡಿತು. ಗುಂಪು ಬಗೆದುಕೊಂಡು ಬಂದ ಷಡ್ಡಕ ಅವನ ಎದೆಯನ್ನು ನೋಡಿದ, ಮುಖವನ್ನು ನೋಡಿದ.

"ಅಣ್ಣ," ಅಂದ. "ಇಷ್ಟು ವರ್ಷ ನನ್ನನ್ನ ಕಂಡರೆ ನಿಮಗೆ ಆಗಲ್ಲ ಅಂದ್ಕೊಂಡಿದ್ದೆ. ತಪ್ಪು ತಿಳ್ಕೊಂಡೆ ಅಣ್ಣ. ಯಾರೂ ನೋಡದ ಹಾಗೆ ಒಳಗೆ ಇಟ್ಕೊಂಡಿದ್ರಲ್ಲ."

ಎಂದು ಅಪ್ಪಿಕೊಂಡ. ಬೇಕರಿಯವನೂ ಸೇರಿಕೊಂಡ. ಮುಂದಿನ ರವಿವಾರದಿಂದ ಎರಡೂ ಮನೆಯ ಊಟ ಒಟ್ಟಿಗೇ ಆಗಬೇಕು ಎಂದು ಹೆಂಡತಿ ಅಲ್ಲೇ ತೀರ್ಮಾನ ಮಾಡಿದಳು. ಷಡ್ಡಕ ಅವನ ಗಲ್ಲ ಹಿಡಿದು ಹತ್ತಿರದಿಂದ ನೋಡಿ, "ಒಂದು ಕಣ್ಣು ಕಿರಿದಾಗಿದೆ ಅಣ್ಣ, ಆ ಭೂತಗನ್ನಡಿ ಹಾಕಿ ಹಾಕಿ. ನಾಳೆ ಅಂಗಡಿಗೆ ಬನ್ನಿ, ನಾನೇ ಪರೀಕ್ಷೆ ಮಾಡ್ತೀನಿ," ಅಂದ.

ಹೇಗೋ ಬಿಡಿಸಿಕೊಂಡು ರಿಪೇರಿ ಹಾಲ್‌ನ ಮೂಲೆ ಸೇರಿದ. ಚಿತ್ರದಮ್ಮ ಅಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

"ಕೆಲಸ ಚೊಕ್ಕಟವಾಗಿತ್ತು," ಅಂದಳು ತಗ್ಗಿದ ದನಿಯಲ್ಲಿ. "ತಾಮ್ರವನ್ನ ಅಷ್ಟು ನುಣುಪು ಮಾಡೋದು ನನ್ನ ಕೈಯಲ್ಲೂ ಆಗಲ್ಲ. ನೋಡಿದ ತಕ್ಷಣ ಯಾರು ಅಂತ ಗೊತ್ತಾಯ್ತು."

ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಮೂರು ವಾಕ್ಯಗಳು ಅವನಿಗೆ ನೆನಪಾಗಲಿಲ್ಲ. ಬೇರೆಯೇ ಮಾತು ಹೊರಬಂತು.

"ನಾಯಿಯನ್ನೂ ಬಿಡದೆ ಬರೆದ್ರಿ. ಹತ್ತು ವರ್ಷದಿಂದ ನಿಮ್ಮ ಕಾಲ ಕೆಳಗೇ ಕೂತಿದೀನಿ. ನಾನೊಬ್ಬ ಬೇಡವಾದ್ನಾ?"

ಚಿತ್ರದಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. ಎದ್ದು, ಹತ್ತಿರದಲ್ಲಿದ್ದ ಒಂಟೆಯ ಮುಂದೆ ಹೋಗಿ ನಿಂತಳು. ಒಂದು ಬೆರಳಿನಿಂದ ಹಣೆ ಮುಚ್ಚಿದಳು, ಇನ್ನೊಂದರಿಂದ ಮೂಗು ಬಾಯಿ ಮುಚ್ಚಿದಳು. ಎರಡು ಕಣ್ಣು ಮಾತ್ರ ಉಳಿದವು. ಒಂದು ಕಿರಿದು, ಒಂದು ಅಗಲ. ಓರೆಯಾಗಿ, ಬೇರೆಯವರ ತಟ್ಟೆ ನೋಡುವಂತೆ ನೋಡುತ್ತಿದ್ದವು.

ದಿನಾ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯಲ್ಲಿ ಕಾಣುವ ಕಣ್ಣುಗಳು.

ಆಕೆ ಘೇಂಡಾಮೃಗಕ್ಕೆ ಹೋಗಿ ಹಾಗೇ ಮುಚ್ಚಿದಳು. ಕರಡಿಗೆ ಹೋದಳು. ರೆಕ್ಕೆಯ ಸಿಂಹಕ್ಕೆ, ಅರ್ಧ ಕುದುರೆಗೆ, ಕತ್ತಿ ಹಿಡಿದ ರಾಣಿಗೆ. ಎಲ್ಲದರಲ್ಲೂ ಅವೇ ಎರಡು ಕಣ್ಣು.

"ಈ ಬೀದಿಯವರೆಲ್ಲ ಒಳ್ಳೇ ಜನ," ಅಂದಳು. "ಮುಖ ಇದೆ, ನೋಟ ಇಲ್ಲ. ಎಲ್ಲರದೂ ಬೇಯಿಸಿದ ಆಲೂಗಡ್ಡೆ. ಹುಲಿಗೆ, ದೇವರಿಗೆ, ದೊರೆಗೆ ಅದನ್ನಿಟ್ಟರೆ ನಡೆಯುತ್ತಾ? ನೀವು ಎದುರಂಗಡಿ ನೋಡ್ತೀರಲ್ಲ, ಆ ಗಾಜಿನ ಬಾಗಿಲು ತೆಗೆದಾಗ, ಅದನ್ನ ಹತ್ತು ವರ್ಷ ಬರೆದೆ. ಯಾರನ್ನೂ ಬಿಟ್ಟಿಲ್ಲ ಅಂದೆನಲ್ಲ. ಮೂವತ್ತೊಂದರಲ್ಲೂ ನೀವೇ ಇದ್ದಿದ್ದು."

ಗುಂಪಿನ ಕಡೆ ನೋಡಿ ತಿದ್ದಿಕೊಂಡಳು. "ಈಗ ಮೂವತ್ತು."

ರಿಪೇರಿ ಸುತ್ತ ನೋಡಿದ. ಅವನ ಮೂವತ್ತು ಚಿತ್ರಗಳ ಮುಂದೆ ಒಬ್ಬರೂ ಇರಲಿಲ್ಲ. ಒಂಟೆ, ಕರಡಿ, ರಾಣಿ, ಎಲ್ಲರೂ ತಂತಮ್ಮ ಚಿತ್ರ ಬಿಟ್ಟು ಅತ್ತ ಹೋಗಿದ್ದರು. ಅವನು ತನ್ನನ್ನು ತಾನೇ ಕೆರೆದು ತೆಗೆದಿದ್ದ ಆ ಒಂದು ಹಾಳೆಯ ಮುಂದೆ ನೆಲ ಕಾಣದಷ್ಟು ಜನ.

"ಆ ಕಣ್ಣು ವಾಪಸು ಹಾಕೋಕೆ ಆಗುತ್ತಾ?" ಕೇಳಿದ.

"ತಗಡಿನಲ್ಲಿ ಆಗುತ್ತೆ. ಆದರೆ ಇನ್ನು ಅದನ್ನ ಮುಟ್ಟೋಕೆ ಯಾರು ಬಿಡ್ತಾರೆ? ನಿಮ್ಮ ಷಡ್ಡಕರೇ ಬಿಡಲ್ಲ."

ಗುಂಪಿನ ನಡುವೆ ವಿಮರ್ಶಕ ಷಡ್ಡಕನ ಹೆಗಲ ಮೇಲೆ ಕೈ ಹಾಕಿದ್ದ. ಯಾರೋ ಫೋಟೋ ತೆಗೆದರು. ಷಡ್ಡಕ ಗದ್ದ ಎತ್ತಿ, ಕೈಯನ್ನು ಮೊಣಕಾಲ ಮೇಲೆ ಊರಲು ಕುರ್ಚಿ ಹುಡುಕುತ್ತಿದ್ದ. ರಿಪೇರಿಯ ಕುತ್ತಿಗೆ ತಿರುಗಲಿಲ್ಲ, ಕಣ್ಣು ಮಾತ್ರ ಮೆಲ್ಲಗೆ ಆ ಕಡೆಗೆ ಜಾರಿ ನಿಂತವು.

ಚಿತ್ರದಮ್ಮ ತಲೆಯ ಗಂಟಿನಿಂದ ಪೆನ್ಸಿಲು ಎಳೆದಳು.

"ಹಾಂ, ಹಾಗೇ ಇರಿ," ಅಂದಳು. "ಅಲ್ಲಾಡಬೇಡಿ."